ಹದಿನೇಳು ಗಂಟೆ ಅಂದ್ರೆ ಎಷ್ಟು ಗಂಟೆ?

ಹೋದ ವರ್ಷ ಆಷಾಢದ ಒಂದು ಗುರುವಾರ ರಾತ್ರಿ ಒಂಬತ್ತಕ್ಕೆ ನಮ್ಮ ಬಳಗದ ಗೆಳೆಯನೊಬ್ಬನ ಅಜ್ಜಿ ತೀರಿಕೊಂಡರು. ಊರು ಹೊಸನಗರ ತಾಲೂಕಿನ ಒಂದು ಹಳ್ಳಿ. ಹೊರಗೆ ಮೂರು ದಿನದಿಂದ ಬಿಡದ ಮಳೆ. ಅಜ್ಜಿಯ ಹಿರಿಮಗ, ಅಂದ್ರೆ ಗೆಳೆಯನ ದೊಡ್ಡಪ್ಪ, ಇರೋದು ಕ್ಯಾಲಿಫೋರ್ನಿಯಾದಲ್ಲಿ. ಫೋನ್ ಮಾಡಿ ವಿಷಯ ತಿಳಿಸಿದ್ದಾಯ್ತು. ಆಮೇಲೆ ಮನೆಯಲ್ಲಿ ಉಳಿದದ್ದು ಒಂದೇ ಪ್ರಶ್ನೆ. ಅಜ್ಜಿಯ ತಮ್ಮ, ಆ ಮನೆಗೆಲ್ಲ ಹಿರಿಯರು, ಗೆಳೆಯನನ್ನು ಕರೆದು ಕೇಳಿದರು: "ನೀನು ಇಂಜಿನಿಯರಿಂಗ್ ಓದ್ತಾ ಇರೋನಲ್ಲ ಮಾರಾಯ, ಲೆಕ್ಕ ಹಾಕಿ ಹೇಳು ನೋಡನ. ಅವ ಎಷ್ಟೊತ್ತಿಗೆ ಮುಟ್ತಾನೆ?"

ಗೆಳೆಯ ಮೊಬೈಲ್ ತೆಗೆದು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಎಷ್ಟು ಹೊತ್ತು ಅಂತ ಹುಡುಕಿದ. ಹದಿನೇಳು ಗಂಟೆ ಚಿಲ್ಲರೆ ಅಂತ ಬಂತು. ರಾತ್ರಿ ಒಂಬತ್ತಕ್ಕೆ ಹದಿನೇಳು ಕೂಡಿಸಿದ, ಮಾರನೇ ದಿನ ಮಧ್ಯಾಹ್ನ ಎರಡು. ಬೆಂಗಳೂರಿಂದ ಕಾರಲ್ಲಿ ಆರೇಳು ಗಂಟೆ. "ನಾಳೆ ರಾತ್ರಿ ಒಂಬತ್ತರೊಳಗೆ ಬರ್ತಾರೆ ಅಜ್ಜ" ಅಂದ. ಅವನ ಮಾತಿನ ಮೇಲೆ ಎಲ್ಲ ನಿಂತಿತು. ಒಣಸೌದೆ ಹೊಂದಿಸಿ ತಾಡಪಾಲು ಹೊದಿಸಿದರು, ಭಟ್ಟರಿಗೆ ಹೇಳಿ ಕಳಿಸಿದರು, ನೆಂಟರಿಗೆಲ್ಲ ಶುಕ್ರವಾರ ರಾತ್ರಿ ಅಂತ ತಿಳಿಸಿದರು. ಮಳೆಗೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಶುಕ್ರವಾರ ಮಧ್ಯಾಹ್ನ ಒಬ್ಬರು ಗುಡ್ಡ ಹತ್ತಿ ಸಿಗ್ನಲ್ ಹಿಡಿದಾಗ ದೊಡ್ಡಪ್ಪನ ಮೆಸೇಜು ಸಿಕ್ಕಿತು. ಅವರು ಬೆಂಗಳೂರಿಗೆ ಇಳಿಯೋದೇ ಶನಿವಾರ ಬೆಳಗಿನ ಜಾವ ಮೂರೂವರೆಗೆ.

ಅಷ್ಟು ಹೊತ್ತು ಇಡೋದು ಆಗದ ಮಾತು ಅಂತ ಹಿರಿಯರು ತೀರ್ಮಾನ ಮಾಡಿದರು. ಶುಕ್ರವಾರ ಸಂಜೆ ಗೆಳೆಯನ ಅಪ್ಪನೇ ಕೊಳ್ಳಿ ಇಟ್ಟರು. ದೊಡ್ಡಪ್ಪ ಮನೆ ಮುಟ್ಟಿದ್ದು ಶನಿವಾರ ಮಧ್ಯಾಹ್ನ ಒಂದಕ್ಕೆ, ಫೋನ್ ಹೋದ ನಲವತ್ತು ಗಂಟೆಗೆ. ಯಾರೂ ಗೆಳೆಯನನ್ನು ಬೈಯಲಿಲ್ಲ. ಆದ್ರೆ ಅವನು ಹಾಸ್ಟೆಲಿಗೆ ವಾಪಸ್ ಬಂದವನು ಹೇಳಿದ್ದು ಇಷ್ಟು: "ಮೊದಲೇ ನಲವತ್ತು ಅಂತ ಹೇಳಿದ್ದಿದ್ರೆ ಬೆಳಗ್ಗೆಯೇ ಮುಗಿಸ್ತಿದ್ರು. ಇಡೀ ಶುಕ್ರವಾರ ಅಷ್ಟು ಜನ ಮಳೆಯಲ್ಲಿ ಕಾದರು ಕಣ್ರೋ, ನನ್ನ ಒಂದು ಕೂಡುವ ಲೆಕ್ಕಕ್ಕೆ."

ಹಾಗಾಗಿ ಈ ಸಂಚಿಕೆಗೆ ನಾವು ಆ ಲೆಕ್ಕವನ್ನೇ ಕೂತು ಮಾಡಿದ್ದೇವೆ. ನಮ್ಮ ಬಳಗದಲ್ಲಿ ಸಾಗರದವರು, ಹೊಸನಗರದವರು, ತೀರ್ಥಹಳ್ಳಿಯವರು ಸೇರಿ ಏಳೆಂಟು ಜನ ಇದ್ದೇವೆ. ಪ್ರತಿಯೊಬ್ಬರ ಮನೆಯಲ್ಲೂ, ಇಲ್ಲ ಪಕ್ಕದ ಮನೆಯಲ್ಲಾದರೂ, ಯಾರೋ ಒಬ್ಬರು ಅಮೆರಿಕದಲ್ಲಿದ್ದಾರೆ. ನಮ್ಮಲ್ಲೇ ಕೆಲವರು ನಾಳೆ ಅಲ್ಲಿಗೆ ಹೋಗುವವರು. ದೂರ ಎಷ್ಟು, ಹಾರಾಟ ಎಷ್ಟು ಹೊತ್ತು, ಪ್ರಯಾಣ ಎಷ್ಟು ಹೊತ್ತು, ಈ ಮೂರನ್ನೂ ಒಂದೇ ಅಂತ ತಿಳಿದುಕೊಂಡಿದ್ದೇ ಗೆಳೆಯನ ತಪ್ಪು. ಒಂದೊಂದಾಗಿ ಬಿಡಿಸೋಣ.

ಮೊದಲು ದೂರ. ಕ್ಲಾಸ್‌ರೂಮಿನ ಗೋಡೆಯ ನಕ್ಷೆ ನೋಡಿದರೆ ನಾವು ಬಲಗಡೆ, ಅಮೆರಿಕ ಎಡಗಡೆ. ಅರಬ್ಬಿ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್ ದಾಟಿ ಹೋಗಬೇಕು ಅನ್ನಿಸುತ್ತೆ. ಆ ನಕ್ಷೆಯ ಮೂಲ ಮರ್ಕೇಟರ್ 1569ರಲ್ಲಿ ಮಾಡಿದ್ದು, ಹಡಗಿನವರು ದಿಕ್ಸೂಚಿ ಹಿಡಿದು ಹೋಗೋದಕ್ಕೆ. ಅದರಲ್ಲಿ ಕೋನ ಸರಿಯಾಗಿರುತ್ತೆ, ದೂರ ಕೆಟ್ಟುಹೋಗುತ್ತೆ. ನಿಜವಾದ ದೂರ ಬೇಕಾದರೆ ಗೋಳ ಬೇಕು. ನಾವು ಹಾಸ್ಟೆಲಿನ ಫುಟ್‌ಬಾಲಿನ ಮೇಲೆ ಎರಡು ಚುಕ್ಕಿ ಇಟ್ಟು ದಾರ ಬಿಗಿಯಾಗಿ ಎಳೆದು ನೋಡಿದೆವು. ದಾರ ತಾನಾಗಿಯೇ ಮೇಲಕ್ಕೆ, ಧ್ರುವದ ಕಡೆಗೆ ಸರಿದು ಕೂತಿತು. ಆ ದಾರದ ಹಾದಿಗೆ ಮಹಾವೃತ್ತ ಅಂತ ಹೆಸರು. ಭೂಮಿಯ ಕೇಂದ್ರವನ್ನೇ ತನ್ನ ಕೇಂದ್ರ ಮಾಡಿಕೊಂಡ ವೃತ್ತದ ತುಂಡು ಅದು, ಗೋಳದ ಮೇಲೆ ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ದಾರಿ.

ಲೆಕ್ಕ ಪಿಯುಸಿಯ ತ್ರಿಕೋನಮಿತಿಯಷ್ಟೇ. ಎರಡು ಊರಿನ ಅಕ್ಷಾಂಶ ಅ1, ಅ2 ಇರಲಿ, ರೇಖಾಂಶಗಳ ವ್ಯತ್ಯಾಸ ವ ಇರಲಿ. ಕೇಂದ್ರದಲ್ಲಿ ಆಗುವ ಕೋನ ಕ ಆದರೆ,

ಕಾಸ್ ಕ = (ಸೈನ್ ಅ1 × ಸೈನ್ ಅ2) + (ಕಾಸ್ ಅ1 × ಕಾಸ್ ಅ2 × ಕಾಸ್ ವ)

ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣ 13.2 ಡಿಗ್ರಿ ಉತ್ತರ, 77.7 ಡಿಗ್ರಿ ಪೂರ್ವ. ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣ 37.6 ಡಿಗ್ರಿ ಉತ್ತರ, 122.4 ಡಿಗ್ರಿ ಪಶ್ಚಿಮ. ಒಂದು ಪೂರ್ವ, ಒಂದು ಪಶ್ಚಿಮ, ಹಾಗಾಗಿ ಕೂಡಿಸಬೇಕು: 200.1 ಡಿಗ್ರಿ. ಅದು 180 ದಾಟಿತಲ್ಲ, ಇನ್ನೊಂದು ಕಡೆಯಿಂದ ಬಂದರೆ 159.9. ಹಾಕಿ ನೋಡಿ, ಕಾಸ್ ಕ ಅನ್ನೋದು ಋಣ 0.585 ಬರುತ್ತೆ, ಕೋನ 125.8 ಡಿಗ್ರಿ. ಭೂಮಿಯ ಮೇಲೆ ಒಂದು ಡಿಗ್ರಿ ಅಂದ್ರೆ ಸುಮಾರು 111.2 ಕಿಲೋಮೀಟರ್. ಗುಣಿಸಿದರೆ 13,990 ಕಿಲೋಮೀಟರ್ ಹತ್ತಿರ. ಭೂಮಿ ಪೂರ್ತಿ ಗುಂಡಗಿಲ್ಲ, ಹಾಗಾಗಿ ನಾಲ್ಕೈದು ಕಿಲೋಮೀಟರ್ ಆಚೀಚೆ ಆಗುತ್ತೆ, ಅದನ್ನು ಇಲ್ಲಿ ಬಿಟ್ಟುಬಿಡೋಣ.

ಇದೇ ಎರಡು ನಿಲ್ದಾಣಗಳನ್ನು ಮರ್ಕೇಟರ್ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದು, ಪೆಸಿಫಿಕ್ ಮೇಲೆ ಒಂದೇ ದಿಕ್ಕು ಹಿಡಿದು ಹೋದರೆ 16,100 ಕಿಲೋಮೀಟರ್ ಆಗುತ್ತೆ. 2,100 ಕಿಲೋಮೀಟರ್ ದಂಡ! ಹಾಗಾದ್ರೆ ಹತ್ತಿರದ ದಾರಿ ಯಾವ ಕಡೆಗೆ? ದೇವನಹಳ್ಳಿಯಿಂದ ಹೊರಟಾಗ ಉತ್ತರದಿಂದ ಪೂರ್ವಕ್ಕೆ ಬರೀ 20 ಡಿಗ್ರಿ ವಾಲಿಕೊಂಡು ಹೋಗಬೇಕು. ಹಿಮಾಲಯ, ಟಿಬೆಟ್, ಮಂಗೋಲಿಯಾ, ಸೈಬೀರಿಯಾ ದಾಟಿ 71 ಡಿಗ್ರಿ ಉತ್ತರದವರೆಗೆ ಹತ್ತಿ, ಅಲಾಸ್ಕಾ ಮೇಲಿಂದ ಇಳಿಯಬೇಕು. ಪಶ್ಚಿಮದ ದೇಶಕ್ಕೆ ಹೋಗುವವರು ಈಶಾನ್ಯಕ್ಕೆ ಮುಖ ಮಾಡಿ ಹೊರಡೋದು. ನಮಗಂತೂ ಇದು ಮೊದಲ ಸಲ ತಲೆಗೆ ಹೋಗಲಿಲ್ಲ, ಫುಟ್‌ಬಾಲ್ ಇನ್ನೊಮ್ಮೆ ತಂದೆವು.

ಈ ಹಾದಿಗೆ ಹೆಸರು ಬಂದಿದ್ದು 2021ರಲ್ಲಿ. ಜನವರಿ 9ರ ರಾತ್ರಿ ಏರ್ ಇಂಡಿಯಾದ ಬೋಯಿಂಗ್ 777-200ಎಲ್‌ಆರ್ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟು, ಉತ್ತರ ಧ್ರುವದ ಹಾದಿ ಹಿಡಿದು, ಜನವರಿ 11ರ ನಸುಕಿನಲ್ಲಿ ಬೆಂಗಳೂರಿಗೆ ನೇರವಾಗಿ ಬಂದಿಳಿಯಿತು. ಎರಡು ಊರಿನ ನಡುವೆ ಮೊದಲ ನೇರ ವಿಮಾನ ಅದು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳತ್ವದಲ್ಲಿ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರು: ತನ್ಮಯಿ ಪಾಪಗಾರಿ, ಆಕಾಂಕ್ಷಾ ಸೋನವಾರೆ, ಶಿವಾನಿ ಮನ್ಹಾಸ್. ಸರಿಯಾಗಿ ಧ್ರುವದ ನೆತ್ತಿಯ ಮೇಲೆಯೇ ಹೋದರೆ ಎಷ್ಟು ಸುತ್ತು ಅಂತ ನಮಗೆ ಕುತೂಹಲ ಬಂತು. ಈ ಲೆಕ್ಕಕ್ಕೆ ಸೂತ್ರವೂ ಬೇಡ. 90ರಿಂದ ಎರಡೂ ಅಕ್ಷಾಂಶ ಕಳೆದು ಕೂಡಿಸಿ: 76.8 ಮತ್ತು 52.4, ಒಟ್ಟು 129.2 ಡಿಗ್ರಿ, ಸುಮಾರು 14,360 ಕಿಲೋಮೀಟರ್. ಅಂದ್ರೆ ಧ್ರುವ ನೋಡಿಕೊಂಡು ಬರೋದಕ್ಕೆ ಹೆಚ್ಚಾಗೋದು ಬರೀ 370 ಕಿಲೋಮೀಟರ್ ಚಿಲ್ಲರೆ, ಬೆಂಗಳೂರಿಂದ ಸಾಗರದಷ್ಟು.

ಸಾಗರ ಅಂದಾಗ ನೆನಪಾಯ್ತು. ಈ ಲೇಖನಕ್ಕೆ ಲೆಕ್ಕ ಮಾಡುವಾಗ ನಮಗೇ ಆಶ್ಚರ್ಯ ಆದ ಸಂಗತಿ ಒಂದಿದೆ. ಬೆಂಗಳೂರಿನ ಬದಲು ನಮ್ಮ ಊರುಗಳ ಅಕ್ಷಾಂಶ ರೇಖಾಂಶ ಹಾಕಿದರೆ ಏನಾಗುತ್ತೆ? ಸಾಗರ 14.17 ಉತ್ತರ, 75.04 ಪೂರ್ವ. ಉತ್ತರ ಬಂತು 13,976. ಅಂದ್ರೆ ಸ್ಯಾನ್ ಫ್ರಾನ್ಸಿಸ್ಕೋಗೆ ಬೆಂಗಳೂರಿಗಿಂತ ಸಾಗರವೇ ಹತ್ತು ಹನ್ನೆರಡು ಕಿಲೋಮೀಟರ್ ಹತ್ತಿರ! ಹೊಸನಗರ ಬೆಂಗಳೂರಿಗಿಂತ ಸುಮಾರು 15 ಕಿಲೋಮೀಟರ್ ದೂರ, ತೀರ್ಥಹಳ್ಳಿ ಸುಮಾರು 33. ಹದಿನಾಲ್ಕು ಸಾವಿರದಲ್ಲಿ ಇದೆಲ್ಲ ಲೆಕ್ಕಕ್ಕೇ ಇಲ್ಲ. ಕಾರಣ ಸರಳ. ವಿಮಾನದ ದಿಕ್ಕು ಹೆಚ್ಚುಕಡಿಮೆ ಉತ್ತರ. ನಮ್ಮ ಊರುಗಳು ಬೆಂಗಳೂರಿಗಿಂತ ಪಶ್ಚಿಮಕ್ಕಿರೋದರಿಂದ ಒಂದಿಷ್ಟು ದೂರವಾಗುತ್ತವೆ, ಉತ್ತರಕ್ಕಿರೋದರಿಂದ ಅಷ್ಟೇ ಹತ್ತಿರವಾಗುತ್ತವೆ. ಕೂಡಿ ಕಳೆದರೆ ಸೊನ್ನೆ. ಸಾಗರದಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬೆಂಗಳೂರಿಗೆ ಹೋದವರು ಅಮೆರಿಕಕ್ಕೆ ಒಂದು ಕಿಲೋಮೀಟರೂ ಹತ್ತಿರ ಆಗಿರೋದಿಲ್ಲ. ಅವರು ಹೋಗಿದ್ದು ದೂರ ಸವೆಸೋದಕ್ಕಲ್ಲ, ವಿಮಾನ ಸಿಗುವ ಜಾಗಕ್ಕೆ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಹಾರಾಟದ ಹೊತ್ತು. ದೂರ ಗೊತ್ತು, ವೇಗದಿಂದ ಭಾಗಿಸಿದರೆ ಆಯ್ತಲ್ಲ? ಬೋಯಿಂಗ್ 777 ಮೇಲೆ ಹತ್ತಿದ ಮೇಲೆ ಶಬ್ದದ ವೇಗದ 0.84ರಷ್ಟರಲ್ಲಿ ಹೋಗುತ್ತೆ. ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಗಾಳಿ ಋಣ 56 ಡಿಗ್ರಿ, ಅಲ್ಲಿ ಶಬ್ದದ ವೇಗ ಸೆಕೆಂಡಿಗೆ 295 ಮೀಟರ್, ಗಂಟೆಗೆ 1,062 ಕಿಲೋಮೀಟರ್. ಅದರ 0.84 ಅಂದ್ರೆ ಸುಮಾರು 892. ಭಾಗಿಸಿದರೆ 15 ಗಂಟೆ 40 ನಿಮಿಷ. ಆದರೆ ಆ ನೇರ ವಿಮಾನದ ವೇಳಾಪಟ್ಟಿಯಲ್ಲಿ ಬೆಂಗಳೂರಿಂದ ಹೋಗೋದಕ್ಕೆ ಸುಮಾರು 16 ಗಂಟೆ, ಬರೋದಕ್ಕೆ 17ಕ್ಕೂ ಮೇಲೆ ಇತ್ತು. ಅದೇ ವಿಮಾನ, ಅದೇ ಎರಡು ಊರು. ಗಂಟೆ ಗಟ್ಟಲೆ ವ್ಯತ್ಯಾಸ ಯಾಕೆ?

ಇದಕ್ಕೆ ನಮ್ಮ ಕ್ಯಾಂಟೀನಿನಲ್ಲಿ ಸಿಗುವ ಉತ್ತರ: "ಭೂಮಿ ತಿರುಗ್ತಾ ಇರುತ್ತಲ್ಲ, ಅದಕ್ಕೆ." ತಪ್ಪು. ಭೂಮಿಯ ಜೊತೆ ಗಾಳಿಯೂ ತಿರುಗುತ್ತೆ, ಗಾಳಿಯೊಳಗಿನ ವಿಮಾನವೂ ತಿರುಗುತ್ತೆ. ಬಸ್ಸಿನೊಳಗೆ ಹಾರುವ ನೊಣಕ್ಕೆ ಬಸ್ಸಿನ ವೇಗ ಲಾಭವೂ ಅಲ್ಲ ನಷ್ಟವೂ ಅಲ್ಲ, ಹಾಗೆ. ನಿಜವಾದ ಕಾರಣ ಜೆಟ್ ಸ್ಟ್ರೀಮ್, ಮೇಲಿನ ಆಕಾಶದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯ ಹಾಗೆ ಹರಿಯುವ ಗಾಳಿ. ಭೂಮಿಯ ತಿರುಗುವಿಕೆ ಆ ಗಾಳಿಯ ದಿಕ್ಕನ್ನು ರೂಪಿಸುವುದರಲ್ಲಿ ಪಾಲುದಾರ, ಅಷ್ಟರಮಟ್ಟಿಗೆ ಕ್ಯಾಂಟೀನಿನವರಿಗೆ ಅರ್ಧ ಮಾರ್ಕ್ಸ್ ಕೊಡಬಹುದು. ಪೂರ್ವಕ್ಕೆ ಹೋಗುವ ವಿಮಾನವನ್ನು ಅದು ತಳ್ಳುತ್ತೆ, ಪಶ್ಚಿಮಕ್ಕೆ ಹೋಗುವುದನ್ನು ತಡೆಯುತ್ತೆ.

ಇದಕ್ಕೆ ಚೆಂದದ ಉದಾಹರಣೆ ದೆಹಲಿಯದ್ದು. ಏರ್ ಇಂಡಿಯಾ 2015ರ ಡಿಸೆಂಬರಿನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಅಟ್ಲಾಂಟಿಕ್ ಮೇಲಿಂದ ನೇರ ವಿಮಾನ ಶುರು ಮಾಡಿತು, ಸುಮಾರು 13,900 ಕಿಲೋಮೀಟರಿನ ಹಾದಿ, ಎದುರುಗಾಳಿ. 2016ರ ಅಕ್ಟೋಬರಿನಲ್ಲಿ ಅದೇ ವಿಮಾನವನ್ನು ಪೆಸಿಫಿಕ್ ಕಡೆಗೆ ತಿರುಗಿಸಿದರು. ಹಾದಿ 15,300 ಕಿಲೋಮೀಟರ್ ಆಯ್ತು, 1,400 ಹೆಚ್ಚು. ಆದರೆ ಹಿಂದಿನಿಂದ ಗಾಳಿ ತಳ್ಳಿದ್ದರಿಂದ ಹದಿನಾಲ್ಕೂವರೆ ಗಂಟೆಯಲ್ಲಿ ಮುಟ್ಟಿತು, ಮುಂಚಿಗಿಂತ ಸುಮಾರು ಎರಡು ಗಂಟೆ ಬೇಗ. ಭಾಗಿಸಿ ನೋಡಿ, ನೆಲದ ಲೆಕ್ಕದಲ್ಲಿ ಗಂಟೆಗೆ 1,055 ಕಿಲೋಮೀಟರ್. ಆ ಎತ್ತರದ ಶಬ್ದದ ವೇಗಕ್ಕೆ ತಾಗಿಕೊಂಡೇ ಇದೆ, ಆದರೂ ವಿಮಾನ ಶಬ್ದದ ವೇಗಕ್ಕೆ ಹತ್ತಿರವೂ ಹೋಗಿಲ್ಲ. ತನ್ನ ಸುತ್ತಲ ಗಾಳಿಗೆ ಹೋಲಿಸಿದರೆ ಅದು ಎಂದಿನ 0.84ರಲ್ಲೇ ಇತ್ತು. ಹತ್ತಿರದ ದಾರಿ ಬೇರೆ, ಬೇಗದ ದಾರಿ ಬೇರೆ.

ಗಾಳಿಯ ಜೊತೆ ಬೇರೆ ತಾಪತ್ರಯಗಳೂ ಇವೆ. ನಾವು ಎಳೆದ ಮಹಾವೃತ್ತ ಟಿಬೆಟ್ ಮೇಲೆ ಹೋಗುತ್ತಲ್ಲ, ಅಲ್ಲಿ ಕ್ಯಾಬಿನ್ನಿನ ಒತ್ತಡ ಹೋಯ್ತು ಅಂತಿಟ್ಟುಕೊಳ್ಳಿ. ವಿಮಾನ ಕೂಡಲೇ 3,000 ಮೀಟರಿಗೆ ಇಳಿಯಬೇಕು, ಉಸಿರಾಟಕ್ಕೆ. ಆದರೆ ಟಿಬೆಟ್ಟಿನ ನೆಲವೇ 4,500 ಮೀಟರ್ ಎತ್ತರದಲ್ಲಿದೆ! ಹಾಗಾಗಿ ವಿಮಾನಗಳು ಸಾಧ್ಯವಾದಷ್ಟು ಆ ಪ್ರಸ್ಥಭೂಮಿಯನ್ನು ಬಳಸಿ ಹೋಗುತ್ತವೆ. ಇನ್ನು ರಾಜಕೀಯ. 2022ರಲ್ಲಿ ರಷ್ಯಾ ತನ್ನ ಆಕಾಶವನ್ನು ಅಮೆರಿಕದ ಕಂಪನಿಗಳಿಗೆ ಮುಚ್ಚಿತು. 2025ರ ಏಪ್ರಿಲಿನಲ್ಲಿ ಪಾಕಿಸ್ತಾನ ಭಾರತದ ಕಂಪನಿಗಳಿಗೆ ಮುಚ್ಚಿತು. ಗೋಳದ ಮೇಲಿನ ಗೆರೆ ಅಲ್ಲೇ ಇರುತ್ತೆ, ಹಾರುವ ಗೆರೆ ಮಾತ್ರ ಬಳುಕುತ್ತೆ. ಇಂಧನದ್ದೂ ಒಂದು ಲೆಕ್ಕವಿದೆ. ಈ ವಿಮಾನದ ಟ್ಯಾಂಕಿಗೆ ಸುಮಾರು 1.8 ಲಕ್ಷ ಲೀಟರ್ ಹಿಡಿಯುತ್ತೆ. ದೇವನಹಳ್ಳಿ ಸಮುದ್ರಮಟ್ಟದಿಂದ 915 ಮೀಟರ್ ಮೇಲಿದೆ, ಗಾಳಿ ತೆಳು, ಎತ್ತುವ ಬಲ ಕಡಿಮೆ. ಅಷ್ಟು ಇಂಧನ ಹೊತ್ತು ಏಳಬೇಕಾದ್ರೆ ಉದ್ದನೆಯ ರನ್‌ವೇ ಬೇಕು, ಇಲ್ಲದಿದ್ರೆ ಸೀಟು, ಸರಕು ಕಡಿಮೆ ಮಾಡಬೇಕು. ಹಾಗಾಗಿ ಅಷ್ಟು ದೂರದ ನೇರ ವಿಮಾನ ಲಾಭದ ಬಾಬತ್ತಲ್ಲ, ದಿನಾ ಇರುತ್ತಲೂ ಇರಲಿಲ್ಲ. ಗೆಳೆಯನ ದೊಡ್ಡಪ್ಪನಿಗೆ ಆವತ್ತು ಸಿಕ್ಕಿದ್ದು ನಡುವೆ ಒಂದು ಕಡೆ ಇಳಿದು ಹತ್ತುವ ವಿಮಾನ, ನಿಲ್ದಾಣದಿಂದ ನಿಲ್ದಾಣಕ್ಕೆ 23 ಗಂಟೆ.

ಹಾರಾಟದ ಹೊತ್ತು ಅಂತ ಟಿಕೆಟಿನಲ್ಲಿ ಬರೆದಿರೋದು ಹಾರುವ ಹೊತ್ತು ಮಾತ್ರ ಅಲ್ಲ ಅನ್ನೋದಕ್ಕೆ ನಮ್ಮ ಜಿಲ್ಲೆಯಲ್ಲೇ ಸಾಕ್ಷಿ ಇದೆ. ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರುವರಿ 27ರಂದು ವಿಮಾನ ನಿಲ್ದಾಣ ಉದ್ಘಾಟನೆ ಆಯ್ತು. ಹೆಸರು ರಾಷ್ಟ್ರಕವಿ ಕುವೆಂಪು ಅವರದ್ದು (ತೀರ್ಥಹಳ್ಳಿಯವರು ಇದನ್ನು ದಿನಕ್ಕೊಂದು ಸಲ ನೆನಪಿಸುತ್ತಾರೆ). ಅದೇ ವರ್ಷ ಆಗಸ್ಟ್ 31ಕ್ಕೆ ಬೆಂಗಳೂರಿಂದ ಮೊದಲ ಪ್ರಯಾಣಿಕರ ವಿಮಾನ ಬಂತು, ಇಂಡಿಗೋದ ಎಟಿಆರ್. ಎರಡು ನಿಲ್ದಾಣಗಳ ನಡುವೆ ಸೂತ್ರದ ಪ್ರಕಾರ ಸುಮಾರು 240 ಕಿಲೋಮೀಟರ್. ಎಟಿಆರ್ ಗಂಟೆಗೆ 500 ಕಿಲೋಮೀಟರ್ ಹೋಗುತ್ತೆ. ಅರ್ಧ ಗಂಟೆಯಲ್ಲಿ ಮುಟ್ಟಬೇಕು, ಆದರೆ ವೇಳಾಪಟ್ಟಿಯಲ್ಲಿ ಒಂದು ಗಂಟೆಗೂ ಹೆಚ್ಚು. ಟರ್ಮಿನಲ್ಲಿನಿಂದ ಬಿಟ್ಟ ಕ್ಷಣದಿಂದ ಅಲ್ಲಿ ಟರ್ಮಿನಲ್ಲಿನ ಮುಂದೆ ನಿಲ್ಲುವ ಕ್ಷಣದವರೆಗಿನ ಹೊತ್ತು ಅದು, ಬ್ಲಾಕ್ ಟೈಮ್ ಅನ್ನುತ್ತಾರೆ. ರನ್‌ವೇವರೆಗೆ ಉರುಳೋದು, ಸರತಿಯಲ್ಲಿ ನಿಲ್ಲೋದು, ಹತ್ತೋದು, ಇಳಿಯೋದು, ತಡವಾದರೆ ಇರಲಿ ಅಂತ ಇಟ್ಟ ಹೆಚ್ಚುವರಿ ನಿಮಿಷ, ಎಲ್ಲ ಸೇರಿ. ಹಾದಿ ಸಣ್ಣದಾದಷ್ಟೂ ಈ ಖರ್ಚಿನ ಪಾಲು ದೊಡ್ಡದು.

ಮೂರನೆಯದು, ಪ್ರಯಾಣದ ಹೊತ್ತು, ಮನೆ ಬಾಗಿಲಿಂದ ಮನೆ ಬಾಗಿಲಿಗೆ. ಗೆಳೆಯ ಎಡವಿದ್ದು ಇಲ್ಲೇ. ಸಾಗರದ ಒಂದು ಮನೆಯಿಂದ ಹೊರಟು ನೇರ ವಿಮಾನದಲ್ಲಿ ಹೋಗುವವರನ್ನು ತೆಗೆದುಕೊಳ್ಳೋಣ. ಸಾಗರ ಜಂಬಗಾರು ಸ್ಟೇಷನ್ನಿನಲ್ಲಿ ರಾತ್ರಿ ರೈಲು ಹತ್ತಿದರೆ, ಇಲ್ಲ ಬಸ್ಸಾದರೂ, ಬೆಂಗಳೂರಿಗೆ 8 ಗಂಟೆ. ಅಲ್ಲಿಂದ ದೇವನಹಳ್ಳಿಗೆ ಒಂದೂವರೆ. ನಿಲ್ದಾಣದೊಳಗೆ ಮೂರು. ಹಾರಾಟ 16. ಇಳಿದು ಇಮಿಗ್ರೇಷನ್, ಲಗೇಜು ಅಂತ ಒಂದೂವರೆ. ಕಾರಲ್ಲಿ ಮನೆಗೆ ಒಂದು. ಒಟ್ಟು 31 ಗಂಟೆ. ಈಗ ಇದನ್ನು ಎರಡು ಭಾಗ ಮಾಡಿ. ಆಕಾಶದಲ್ಲಿ 16 ಗಂಟೆ, 14,000 ಕಿಲೋಮೀಟರ್. ನೆಲದ ಮೇಲೆ 15 ಗಂಟೆ, ಎಲ್ಲ ಸೇರಿ 460 ಕಿಲೋಮೀಟರ್ ಹತ್ತಿರ. ದೂರದಲ್ಲಿ ನೂರಕ್ಕೆ ಮೂರು ಪಾಲು, ಹೊತ್ತಿನಲ್ಲಿ ಹತ್ತಿರ ಹತ್ತಿರ ಅರ್ಧ. ಅದರಲ್ಲೂ ಸಾಗರದಿಂದ ಬೆಂಗಳೂರಿಗೆ ಹೋದ ಆ ಎಂಟು ಗಂಟೆ, ಮೊದಲೇ ಹೇಳಿದ ಹಾಗೆ, ಅಮೆರಿಕದ ಕಡೆಗೆ ಒಂದು ಹೆಜ್ಜೆಯೂ ಅಲ್ಲ.

ಕಂಪ್ಯೂಟರ್ ಸೈನ್ಸ್ ಓದುವವರು ಇಷ್ಟರಲ್ಲಿ ಆಮ್ಡಾಲ್ ನಿಯಮ ನೆನಪಿಸಿಕೊಂಡಿರುತ್ತಾರೆ. ಜೀನ್ ಆಮ್ಡಾಲ್ 1967ರಲ್ಲಿ ಹೇಳಿದ್ದು: ಪ್ರೋಗ್ರಾಮಿನ ಒಂದು ಭಾಗವನ್ನು ಎಷ್ಟೇ ವೇಗ ಮಾಡಿದರೂ ಉಳಿದ ಭಾಗ ಒಟ್ಟು ಲಾಭವನ್ನು ಕಟ್ಟಿಹಾಕುತ್ತೆ. ವಿಮಾನದ ವೇಗ ಎರಡು ಪಟ್ಟು ಮಾಡಿ, 31 ಹೋಗಿ 23 ಆಗುತ್ತೆ. ವಿಮಾನ ಕಣ್ಣು ಮಿಟುಕಿಸುವಷ್ಟರಲ್ಲಿ ಮುಟ್ಟಿತು ಅನ್ನಿ, ಆಗಲೂ 15 ಗಂಟೆ ಹಾಗೇ ಇರುತ್ತೆ. ಇನ್ನೊಂದು ಕಡೆಯಿಂದ ನೋಡಿ. ಸಾಗರದಿಂದ ಸೋಗಾನೆಗೆ ಎರಡು ಗಂಟೆ, ನಿಲ್ದಾಣದಲ್ಲಿ ಒಂದೂವರೆ, ಎಟಿಆರ್‌ನಲ್ಲಿ ಒಂದೂಕಾಲು, ಒಟ್ಟು ನಾಲ್ಕೂಮುಕ್ಕಾಲು. ಒಂಬತ್ತೂವರೆಯ ಜಾಗದಲ್ಲಿ ನಾಲ್ಕೂಮುಕ್ಕಾಲು, ಉಳಿತಾಯ ಹತ್ತಿರ ಹತ್ತಿರ ಐದು ಗಂಟೆ. ಇದೇ ಐದು ಗಂಟೆಯನ್ನು ದೊಡ್ಡ ವಿಮಾನದಲ್ಲಿ ಉಳಿಸಬೇಕಾದ್ರೆ ಅದು ಗಂಟೆಗೆ 1,270 ಕಿಲೋಮೀಟರ್ ಹಾರಬೇಕು, ಶಬ್ದಕ್ಕಿಂತ ಜೋರಾಗಿ. ಪ್ರೊಪೆಲ್ಲರಿನ ಸಣ್ಣ ವಿಮಾನ ಕಾಂಕಾರ್ಡ್ ಮಾಡುವ ಕೆಲಸ ಮಾಡುತ್ತೆ, ಕಾಗದದ ಮೇಲೆ.

ಕಾಗದದ ಮೇಲೆ ಯಾಕೆ ಅಂದ್ರೆ, ಸೋಗಾನೆಯ ವಿಮಾನದ ಹೊತ್ತಿಗೂ ಅಮೆರಿಕದ ವಿಮಾನದ ಹೊತ್ತಿಗೂ ಹೊಂದಬೇಕಲ್ಲ. ಹೊಂದದಿದ್ರೆ ಉಳಿಸಿದ ಐದು ಗಂಟೆ ದೇವನಹಳ್ಳಿಯ ಕುರ್ಚಿಯಲ್ಲಿ ಕರಗಿಹೋಗುತ್ತೆ. ಎರಡು ಬೇರೆ ಬೇರೆ ಟಿಕೆಟ್ ಆಗಿದ್ದು, ಸಣ್ಣ ವಿಮಾನ ಮೋಡಕ್ಕೆ ತಡವಾಯ್ತು ಅಂದ್ರೆ ದೊಡ್ಡದು ಕಾಯೋದಿಲ್ಲ. ಹಾಗಾಗಿ ನಮ್ಮ ಕಡೆಯವರು ಮಳೆಗಾಲದಲ್ಲಿ ಹಿಂದಿನ ದಿನವೇ ಟ್ಯಾಕ್ಸಿ ಮಾಡಿ ಹೊರಡುತ್ತಾರೆ. ಅದು ಅಂಜುಬುರುಕತನ ಅಂತ ನಾವು ಮೊದಲು ನಗುತ್ತಿದ್ದೆವು. ಈಗ ನಗೋದಿಲ್ಲ. ಸರಾಸರಿ ಹೊತ್ತು ನೋಡಿ ಹೊರಡುವವರಿಗೆ ಎರಡರಲ್ಲಿ ಒಂದು ಸಲ ವಿಮಾನ ತಪ್ಪುತ್ತೆ. ಹೊರಡಬೇಕಾದ್ದು ಕೆಟ್ಟ ದಿನದ ಲೆಕ್ಕ ಹಿಡಿದು.

ಕಾಯುವ ಹೊತ್ತು ಅಂದ್ರೆ ಏನು ಅಂತ ಸಾಗರ ತಾಲೂಕಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ನಿಂತ ಮೇಲೆ ತುಮರಿ ಕಡೆಯ ಊರುಗಳು ಹಿನ್ನೀರಿನ ಆಚೆ ಉಳಿದುಬಿಟ್ಟವು. ಅಂಬಾರಗೋಡ್ಲು ದಡದಿಂದ ಕಳಸವಳ್ಳಿ ದಡ ಕಣ್ಣಿಗೇ ಕಾಣುತ್ತೆ. ಲಾಂಚಿನಲ್ಲಿ ದಾಟೋದಕ್ಕೆ ಸ್ವಲ್ಪ ಹೊತ್ತು ಸಾಕಿತ್ತು, ಆದರೆ ಲಾಂಚು ಬರುವವರೆಗೆ ಕಾಯಬೇಕಿತ್ತು, ಸಿಗಂದೂರಿನ ಭಕ್ತರ ಸಾಲು ಇದ್ದರೆ ಇನ್ನೂ ಕಾಯಬೇಕಿತ್ತು, ಕತ್ತಲಾದ ಮೇಲೆ ಲಾಂಚೇ ಇರಲಿಲ್ಲ. ಬೇಸಿಗೆಯಲ್ಲಿ ನೀರು ಇಳಿದರೆ ವಾಹನ ಹತ್ತಿಸುತ್ತಿರಲಿಲ್ಲ. ರಾತ್ರಿ ಹೆರಿಗೆ ನೋವು ಬಂದವರಿಗೆ ಸಾಗರದ ಆಸ್ಪತ್ರೆ ಎಷ್ಟು ಕಿಲೋಮೀಟರ್ ಅನ್ನೋ ಪ್ರಶ್ನೆಗೆ ಅರ್ಥವೇ ಇರಲಿಲ್ಲ. 2025ರ ಜುಲೈ 14ರಂದು ಅಲ್ಲಿ 2.44 ಕಿಲೋಮೀಟರ್ ಉದ್ದದ ಸೇತುವೆ ಉದ್ಘಾಟನೆ ಆಯ್ತು. ಎರಡು ದಡದ ನಡುವಿನ ದೂರ ಒಂದಿಂಚೂ ಕಡಿಮೆ ಆಗಿಲ್ಲ. ಹೋಗಿದ್ದು ಕಾಯುವ ಹೊತ್ತು ಮಾತ್ರ. ತುಮರಿಯಿಂದ ಅಮೆರಿಕಕ್ಕೆ ಹೊರಡುವವರ ಒಟ್ಟು ಗಂಟೆಗಳಲ್ಲಿ ಇತ್ತೀಚೆಗೆ ಯಾವ ವಿಮಾನ ಕಂಪನಿಯಾದರೂ ಇಷ್ಟು ಉಳಿಸಿದೆಯೋ, ಅನುಮಾನ.

ಇನ್ನು ಗಡಿಯಾರದ ಗೊಂದಲ. ಭಾರತದ ಸಮಯ ಗ್ರೀನಿಚ್ಚಿಗಿಂತ ಐದೂವರೆ ಗಂಟೆ ಮುಂದೆ, ಕ್ಯಾಲಿಫೋರ್ನಿಯಾದ್ದು ಎಂಟು ಗಂಟೆ ಹಿಂದೆ. ವ್ಯತ್ಯಾಸ ಹದಿಮೂರೂವರೆ. ಆದರೆ ಮಾರ್ಚಿನ ಎರಡನೇ ಭಾನುವಾರದಿಂದ ನವೆಂಬರಿನ ಮೊದಲ ಭಾನುವಾರದವರೆಗೆ ಅವರು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಆಗ ಹನ್ನೆರಡೂವರೆ. ನಮ್ಮ ಆಷಾಢ ಬರೋದು ಆ ಹನ್ನೆರಡೂವರೆಯೊಳಗೆ. ಹೋಗುವಾಗ ಇದು ಮೋಜು: ಮಧ್ಯಾಹ್ನ ಬೆಂಗಳೂರು ಬಿಟ್ಟವರು ಅದೇ ದಿನ ಸಂಜೆ ಅಲ್ಲಿ ಇಳಿಯುತ್ತಾರೆ. ಬರುವಾಗ ಕ್ಯಾಲೆಂಡರಿನ ಒಂದು ಹಾಳೆಯನ್ನೇ ನುಂಗಿಬಿಡುತ್ತೆ. ಟಿಕೆಟಿನಲ್ಲಿ ಇಳಿಯುವ ಹೊತ್ತಿನ ಪಕ್ಕ ಸಣ್ಣದಾಗಿ +2 ಅಂತ ಬರೆದಿರುತ್ತೆ ನೋಡಿ, ಅದೇ. ಇಂಥ ಲೆಕ್ಕಕ್ಕೆ ನಾವು ಕಂಡುಕೊಂಡ ಉಪಾಯ ಒಂದೇ: ಹೊರಡುವ ಹೊತ್ತನ್ನು ಮೊದಲೇ ನಮ್ಮೂರಿನ ಹೊತ್ತಿಗೆ ಬದಲಾಯಿಸಿಕೊಂಡುಬಿಡೋದು. ಆಮೇಲೆ ಬರೀ ಕೂಡೋದು.

ಆ ಗುರುವಾರದ ಲೆಕ್ಕವನ್ನು ಹೀಗೆ ಮತ್ತೆ ಮಾಡಿದೆವು, ಗೆಳೆಯನೇ ಬೋರ್ಡಿನ ಮೇಲೆ ಬರೆದ. ಹೊಸನಗರದಲ್ಲಿ ಗುರುವಾರ ರಾತ್ರಿ 9 ಅಂದ್ರೆ ಅಲ್ಲಿ ಅದೇ ಗುರುವಾರ ಬೆಳಗ್ಗೆ 8:30. ಫೋನ್ ಬಂದ ತಕ್ಷಣ ವಿಮಾನ ಏರೋದಕ್ಕಾಗುತ್ತಾ? ಟಿಕೆಟ್ ಹುಡುಕಬೇಕು, ಆಫೀಸಿಗೆ ಹೇಳಬೇಕು, ಮಕ್ಕಳ ವ್ಯವಸ್ಥೆ ಆಗಬೇಕು, ನಿಲ್ದಾಣಕ್ಕೆ ಮೂರು ಗಂಟೆ ಮುಂಚೆ ಹೋಗಬೇಕು. ಸಿಕ್ಕ ವಿಮಾನ ಸಂಜೆ 4ಕ್ಕೆ, ಅಂದ್ರೆ ನಮಗೆ ಶುಕ್ರವಾರ ಬೆಳಗಿನ ಜಾವ 4:30. ಇಲ್ಲಿಗೇ ಏಳೂವರೆ ಗಂಟೆ ಹೋಯ್ತು, ಗೆಳೆಯ ಇದನ್ನು ಸೊನ್ನೆ ಅಂತ ಹಿಡಿದಿದ್ದ. 23 ಗಂಟೆ ಕೂಡಿಸಿದರೆ ಶನಿವಾರ ಬೆಳಗಿನ ಜಾವ 3:30. ಹೊರಗೆ ಬರೋಷ್ಟರಲ್ಲಿ 5. ಮುನ್ನೂರೈವತ್ತು ಕಿಲೋಮೀಟರಿಗೂ ಮೇಲೆ, ಕೊನೆಯ ಎಪ್ಪತ್ತು ಮಲೆನಾಡಿನ ತಿರುವು, ಅದೂ ಮಳೆಯಲ್ಲಿ, 8 ಗಂಟೆ. ಶನಿವಾರ ಮಧ್ಯಾಹ್ನ 1. ನಲವತ್ತು ಗಂಟೆ, ಆದದ್ದೂ ಅಷ್ಟೇ. ನೇರ ವಿಮಾನವೇ ಆ ಹೊತ್ತಿಗೆ ಸಿಕ್ಕಿದ್ದಿದ್ದರೂ ಐದಾರು ಗಂಟೆ ಕಡಿಮೆ ಆಗುತ್ತಿತ್ತೇ ಹೊರತು ಶುಕ್ರವಾರ ರಾತ್ರಿ ಅನ್ನೋದು ಯಾವ ಲೆಕ್ಕದಲ್ಲೂ ಬರುತ್ತಿರಲಿಲ್ಲ.

ಬೋರ್ಡ್ ಒರೆಸುವ ಮುಂಚೆ ಗೆಳೆಯ ಅದರ ಫೋಟೋ ತೆಗೆದುಕೊಂಡ. ದಸರಾ ರಜೆಗೆ ಊರಿಗೆ ಹೋದಾಗ ಫೋನಿನ ಪಕ್ಕ, ಕ್ಯಾಲೆಂಡರಿನ ಕೆಳಗೆ, ಕೈಯಲ್ಲಿ ಬರೆದು ಒಂದು ಚೀಟಿ ಅಂಟಿಸಿ ಬಂದಿದ್ದಾನೆ: "ದೊಡ್ಡಪ್ಪ ಅಲ್ಲಿ ಗುರುವಾರ ಹೊರಟರೆ ಇಲ್ಲಿಗೆ ಶನಿವಾರ ಮಧ್ಯಾಹ್ನ. ಮಳೆಗಾಲವಾದರೆ ಸಂಜೆ ಅಂತ ಇಟ್ಟುಕೊಳ್ಳಿ." ಅಜ್ಜ ಕನ್ನಡಕ ಹಾಕಿಕೊಂಡು ಓದಿ ಕೇಳಿದರಂತೆ, "ಹಂಗಾರೆ ನೀನು ಹೋದ್ಮೇಲೆ ನಿಂಗೂ ಇದೇ ಲೆಕ್ಕವನಾ?"